ಬಿತ್ತನೆಗೆ ಮೊದಲೇ ಹದಗೊಳ್ಳುವ ನೆಲ

ಕ್ಯಾನ್ಸರಿನಿಂದ ಸಂಭವಿಸುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣವಾಗುವುದು ಮೊದಲು ಹುಟ್ಟಿದ ಗಡ್ಡೆಯಲ್ಲ. ಅದರಿಂದ ಕಳಚಿಕೊಂಡ ಜೀವಕೋಶಗಳು ರಕ್ತದ ಅಥವಾ ದುಗ್ಧರಸದ ಹಾದಿ ಹಿಡಿದು ಯಕೃತ್ತು, ಶ್ವಾಸಕೋಶ, ಮೂಳೆ, ಮಿದುಳುಗಳಲ್ಲಿ ನೆಲೆಯೂರಿ ಬೆಳೆಸುವ ಹೊಸ ಗಡ್ಡೆಗಳು. ಈ ಹರಡುವಿಕೆಯಲ್ಲಿ ಒಂದು ವಿಚಿತ್ರ ಪಕ್ಷಪಾತವಿದೆ ಎಂಬುದನ್ನು ಅಂಕಿಗಳ ಮೂಲಕ ತೋರಿಸಿದವರು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್. ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ದಾಖಲೆಗಳನ್ನು ಒಟ್ಟುಗೂಡಿಸಿ 1889ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, 241 ಮಂದಿಯ ಯಕೃತ್ತಿನಲ್ಲಿ ರೋಗ ನೆಲೆಯೂರಿತ್ತು. ಗುಲ್ಮದಲ್ಲಿ ಕಾಣಿಸಿಕೊಂಡದ್ದು 17 ಮಂದಿಯಲ್ಲಿ ಮಾತ್ರ. ಗುಲ್ಮಕ್ಕೂ ರಕ್ತ ಧಾರಾಳವಾಗಿಯೇ ಹರಿಯುತ್ತದೆ, ಕೀವುನಂಜಿನಿಂದ ಸತ್ತವರ ಗುಲ್ಮದಲ್ಲಿ ಬಾವು ಕಾಣುವುದು ಅಷ್ಟೇನೂ ಅಪರೂಪವಲ್ಲ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿದ ಪ್ಯಾಜೆಟ್, ಬೀಜ ಎಲ್ಲ ದಿಕ್ಕಿಗೂ ಹಾರಿದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬ ತೀರ್ಮಾನಕ್ಕೆ ಬಂದರು. 1928ರಲ್ಲಿ ಅಮೆರಿಕದ ರೋಗವಿಜ್ಞಾನಿ ಜೇಮ್ಸ್ ಯೂಯಿಂಗ್ ಇದನ್ನು ಒಪ್ಪದೆ, ರಕ್ತ ಮತ್ತು ದುಗ್ಧರಸದ ಹರಿವೇ ಎಲ್ಲವನ್ನೂ ವಿವರಿಸಬಲ್ಲದು ಎಂದು ವಾದಿಸಿದರು. ಇಬ್ಬರ ಮಾತಿನಲ್ಲೂ ನಿಜವಿತ್ತು ಎಂಬುದು ಇಂದಿನ ನಿಲುವು.

ಆದರೆ ಇಬ್ಬರೂ ಕೇಳದ ಪ್ರಶ್ನೆಯೊಂದು ಉಳಿದಿತ್ತು. ಮಣ್ಣು ಒಗ್ಗುವಂಥದ್ದಾಗಿರುವುದು ಅದರ ಹುಟ್ಟುಗುಣವೋ, ಇಲ್ಲವೇ ಯಾರಾದರೂ ಅದನ್ನು ಹಾಗೆ ಮಾಡುತ್ತಾರೋ? ಹೊಲವನ್ನು ಉತ್ತು, ಹರಗಿ, ಗೊಬ್ಬರ ಹಾಕಿ ಹದ ಮಾಡಿದ ಮೇಲೆಯೇ ಬಿತ್ತನೆ ಎಂಬುದು ಬೇಸಾಯದ ಮೊದಲ ಪಾಠ. ಗಡ್ಡೆಯೂ ಬೀಜ ಕಳಿಸುವುದಕ್ಕೆ ಮುನ್ನ ದೂರದ ಅಂಗವನ್ನು ಇದ್ದಲ್ಲಿಂದಲೇ ಹದ ಮಾಡುತ್ತದೆ ಎಂಬುದಕ್ಕೆ ಕಳೆದ ಎರಡು ದಶಕಗಳಲ್ಲಿ ಪುರಾವೆಗಳು ಸೇರುತ್ತ ಬಂದಿವೆ, ಮತ್ತು ಆ ಕೆಲಸಕ್ಕೆ ಅದು ಬಳಸುವ ಸಾಧನಗಳಲ್ಲಿ ಒಂದು, ಜೀವಕೋಶಗಳು ಹೊರಕ್ಕೆ ಬಿಡುವ ಅತಿಸೂಕ್ಷ್ಮ ಚೀಲಗಳು ಎಂದು ತಿಳಿದುಬಂದಿದೆ.

ಈ ಕಿರುಚೀಲಗಳನ್ನು ಬಿಡದ ಜೀವಕೋಶ ಇಲ್ಲವೆಂದೇ ಹೇಳಬಹುದು, ಬ್ಯಾಕ್ಟೀರಿಯಾಗಳೂ ಬಿಡುತ್ತವೆ. ರಕ್ತ, ಮೂತ್ರ, ಜೊಲ್ಲು, ಎದೆಹಾಲು, ಮಿದುಳುಬಳ್ಳಿಯ ದ್ರವ ಹೀಗೆ ದೇಹದ ಎಲ್ಲ ದ್ರವಗಳಲ್ಲೂ ಅವು ತೇಲುತ್ತಿರುತ್ತವೆ. ಪ್ರತಿಯೊಂದೂ ಕೋಶಪೊರೆಯದೇ ತುಣುಕಿನಿಂದಾದ ಕೊಬ್ಬಿನ ಹೊದಿಕೆಯುಳ್ಳದ್ದು. ಒಳಗೆ ತಾಯಿಕೋಶದ ಪ್ರೋಟೀನುಗಳೂ ಆರ್‌ಎನ್‌ಎ ತುಣುಕುಗಳೂ ಸೇರಿಕೊಂಡಿರುತ್ತವೆ. ಹುಟ್ಟುವ ಬಗೆಯನ್ನು ಅನುಸರಿಸಿ ಇವುಗಳಿಗೆ ಬೇರೆ ಬೇರೆ ಹೆಸರುಗಳಿವೆ. ಕೋಶದ ಹೊರಪೊರೆಯೇ ಗುಳ್ಳೆಯಂತೆ ಉಬ್ಬಿ ಕಳಚಿಕೊಂಡರೆ ಅದು ಮೈಕ್ರೋವೆಸಿಕಲ್. ಇದರ ಅಡ್ಡಳತೆ ಸುಮಾರು 100ರಿಂದ 1000 ನ್ಯಾನೊಮೀಟರ್. ಸಾಯುತ್ತಿರುವ ಕೋಶ ಚೂರುಚೂರಾಗಿ ಒಡೆದಾಗ ಇನ್ನೂ ದೊಡ್ಡ ಚೀಲಗಳು ಹುಟ್ಟುತ್ತವೆ. ಮೂರನೆಯದು ಎಕ್ಸೋಸೋಮ್, 30ರಿಂದ 150 ನ್ಯಾನೊಮೀಟರ್ ಅಡ್ಡಳತೆಯ ಇದನ್ನು ಒಂದರ ಪಕ್ಕ ಒಂದರಂತೆ ಜೋಡಿಸಿದರೆ ತಲೆಗೂದಲೊಂದರ ದಪ್ಪಕ್ಕೆ ಐನೂರಕ್ಕಿಂತ ಹೆಚ್ಚು ಬೇಕಾಗುತ್ತವೆ.

ಎಕ್ಸೋಸೋಮ್ ತಯಾರಾಗುವ ರೀತಿಯನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ಕಥೆಯ ಬಹುಭಾಗ ಅದರ ಮೇಲೆ ನಿಂತಿದೆ. ಹೊರಪೊರೆಯ ಒಂದು ಭಾಗ ಒಳಕ್ಕೆ ಕುಸಿದು ಕೋಶದೊಳಗೆ ಎಂಡೋಸೋಮ್ ಎಂಬ ಚೀಲವಾಗುತ್ತದೆ. ಆ ಚೀಲದ ಗೋಡೆ ಮತ್ತೆ ಒಳಮುಖವಾಗಿ ಚಿಗುರೊಡೆದು ಅದರ ಹೊಟ್ಟೆಯಲ್ಲಿ ಹತ್ತಾರು ಮರಿಚೀಲಗಳನ್ನು ಬಿಡುತ್ತದೆ. ಹೀಗೆ ತುಂಬಿದ ಚೀಲಕ್ಕೆ ಮುಂದೆ ಎರಡು ಗತಿಗಳಿವೆ: ಕೋಶದ ಜೀರ್ಣಾಗಾರವಾದ ಲೈಸೋಸೋಮಿಗೆ ಹೋಗಿ ಕರಗುವುದು, ಇಲ್ಲವೇ ಹೊರಪೊರೆಯೊಡನೆ ಬೆರೆತು ತನ್ನ ಮರಿಗಳನ್ನು ಹೊರಕ್ಕೆ ಸುರಿಯುವುದು. ಪೊರೆ ಎರಡು ಬಾರಿ ಮಗುಚಿಕೊಂಡಿರುವುದರಿಂದ, ಎರಡು ಸಲ ತಿರುಗಿಸಿದ ಅಂಗಿ ಮತ್ತೆ ಸರಿಮಗ್ಗುಲಿಗೇ ಬರುವಂತೆ, ತಾಯಿಕೋಶದ ಹೊರಮೈಯಲ್ಲಿದ್ದ ಪ್ರೋಟೀನುಗಳು ಎಕ್ಸೋಸೋಮಿನ ಹೊರಮೈಯಲ್ಲೂ ಹೊರಮುಖವಾಗಿಯೇ ನಿಲ್ಲುತ್ತವೆ. ಅಂದರೆ ಬೇರೆ ಕೋಶಗಳನ್ನು ಹಿಡಿಯುವ, ತಟ್ಟುವ, ತಡೆಯುವ ಅದೇ ಕೈಗಳು ಈ ಪುಟ್ಟ ಚೀಲಕ್ಕೂ ಇರುತ್ತವೆ. ತಾಯಿಕೋಶ ತಾನು ಕದಲದೆಯೇ ತನ್ನ ಕೈಗಳನ್ನು ದೂರಕ್ಕೆ ಕಳುಹಿಸಬಲ್ಲದು.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ವಿಜ್ಞಾನ ಬಹುಕಾಲ ಕಸವೆಂದೇ ಬಗೆದಿತ್ತು. ಎರ್ವಿನ್ ಚಾರ್ಗಾಫ್ ಮತ್ತು ರ‍್ಯಾಂಡಾಲ್ಫ್ ವೆಸ್ಟ್ ಅವರು 1946ರಲ್ಲಿ ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಿದ ರಕ್ತದ್ರವವನ್ನು ಇನ್ನಷ್ಟು ವೇಗವಾಗಿ ತಿರುಗಿಸಿದಾಗ, ತಳಕ್ಕಿಳಿದ ಸೂಕ್ಷ್ಮ ಕಣಗಳಿಗೆ ರಕ್ತ ಹೆಪ್ಪುಗಟ್ಟಿಸುವ ಶಕ್ತಿಯಿರುವುದನ್ನು ಗಮನಿಸಿದ್ದರು. 1967ರಲ್ಲಿ ಪೀಟರ್ ವೂಲ್ಫ್ ಆ ಕಣಗಳಿಗೆ ಪ್ಲೇಟ್‌ಲೆಟ್ ಧೂಳು ಎಂಬ ಹೆಸರಿಟ್ಟರು. 1983ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೋಸ್ ಜಾನ್‌ಸ್ಟೋನ್ ಅವರ ತಂಡ ಕುರಿಯ ಎಳೆಯ ಕೆಂಪು ರಕ್ತಕೋಶಗಳಲ್ಲಿಯೂ, ಅಮೆರಿಕದ ಸೇಂಟ್ ಲೂಯಿಯ ಇನ್ನೊಂದು ತಂಡ ಇಲಿಯ ಕೋಶಗಳಲ್ಲಿಯೂ ಒಂದೇ ಸಂಗತಿಯನ್ನು ಕಂಡವು. ಎಳೆಯ ಕೆಂಪುಕೋಶ ಕಬ್ಬಿಣವನ್ನು ಒಳಗೆಳೆದುಕೊಳ್ಳಲು ಮೈಮೇಲೆ ಟ್ರಾನ್ಸ್‌ಫೆರಿನ್ ಗ್ರಾಹಕವೆಂಬ ಪ್ರೋಟೀನನ್ನು ಇಟ್ಟುಕೊಂಡಿರುತ್ತದೆ. ಬಲಿತ ಮೇಲೆ ಅದರ ಅಗತ್ಯ ತೀರುತ್ತದೆ. ಆಗ ಆ ಪ್ರೋಟೀನು ಎಂಡೋಸೋಮಿನ ಮರಿಚೀಲಗಳಲ್ಲಿ ತುಂಬಿಕೊಂಡು ಹೊರಬೀಳುತ್ತದೆ. ಈ ಚೀಲಗಳನ್ನು ಎಕ್ಸೋಸೋಮ್ ಎಂದು ಜಾನ್‌ಸ್ಟೋನ್ 1987ರಲ್ಲಿ ಕರೆದಾಗಲೂ, ಅವು ಬಲಿಯುವ ಕೋಶ ಬೇಡವಾದದ್ದನ್ನು ಹೊರಹಾಕುವ ದಾರಿಯೆಂಬ ಅಭಿಪ್ರಾಯ ಬದಲಾಗಿರಲಿಲ್ಲ. ಅದು ಬದಲಾಗಲು ತೊಡಗಿದ್ದು 1996ರಲ್ಲಿ. ಬಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕೋಶಗಳು ಬಿಡುವ ಎಕ್ಸೋಸೋಮ್‌ಗಳು ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳನ್ನು ಪ್ರಚೋದಿಸಬಲ್ಲವು ಎಂದು ಗ್ರಾಸಾ ರಾಪೋಸೊ ಮತ್ತು ಸಹೋದ್ಯೋಗಿಗಳು ತೋರಿಸಿದರು. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಯಾನ್ ಲೊಟ್ವಾಲ್ ಅವರ ತಂಡ ಈ ಚೀಲಗಳಲ್ಲಿ ಆರ್‌ಎನ್‌ಎ ಇದೆ, ಅದು ಇನ್ನೊಂದು ಕೋಶವನ್ನು ಹೊಕ್ಕು ಅಲ್ಲಿ ಪ್ರೋಟೀನು ತಯಾರಿಗೂ ಬಳಕೆಯಾಗಬಲ್ಲದು ಎಂದು ವರದಿ ಮಾಡಿದ ಮೇಲೆ ಪೆಂಡುಲಮ್ಮು ಇನ್ನೊಂದು ತುದಿಗೆ ವಾಲಿತು. ನಿನ್ನೆಯ ಕಸ ಇಂದಿನ ಅಂಚೆಚೀಲವಾಯಿತು.

ಕ್ಯಾನ್ಸರಿನ ಮಟ್ಟಿಗೆ ಈ ಧೂಳಿನ ಪ್ರಭಾವ ಹೆಸರಿಲ್ಲದೆಯೇ ವೈದ್ಯರ ಕಣ್ಣಿಗೆ ಬಿದ್ದಿತ್ತು. ಕಾರಣವಿಲ್ಲದೆ ರಕ್ತನಾಳಗಳಲ್ಲಿ ಪದೇಪದೇ ಹೆಪ್ಪು ಕಟ್ಟುತ್ತಿದ್ದರೆ ದೇಹದಲ್ಲೆಲ್ಲೋ ಕ್ಯಾನ್ಸರ್ ಅಡಗಿರಬಹುದು ಎಂದು ಪ್ಯಾರಿಸ್ಸಿನ ವೈದ್ಯ ಆರ್ಮಾಂ ಟ್ರೂಸೊ 1865ರಲ್ಲಿ ಉಪನ್ಯಾಸ ಮಾಡಿದ್ದರು. ಎರಡು ವರ್ಷಗಳ ಬಳಿಕ ಅದೇ ಲಕ್ಷಣ ಅವರ ರಕ್ತನಾಳದಲ್ಲೇ ಕಾಣಿಸಿತು, ಜಠರದ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಗಡ್ಡೆಯ ಕೋಶಗಳು ಬಿಡುವ ಕಿರುಚೀಲಗಳ ಮೈಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ, ಹೆಪ್ಪುಗಟ್ಟುವ ಸರಪಳಿಯನ್ನು ಆರಂಭಿಸುವ ಪ್ರೋಟೀನು ಇರುತ್ತದೆಂಬುದೂ, ವಿಶೇಷವಾಗಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ರೋಗಿಯ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಗೆ ಅದೂ ಒಂದು ಕಾರಣವೆಂಬುದೂ ಈಗ ತಿಳಿದಿದೆ. ಇಲ್ಲಿ ಯಾವ ಸಂದೇಶವೂ ರವಾನೆಯಾಗಬೇಕಿಲ್ಲ, ಚೀಲ ಒಡೆಯಬೇಕಾಗಿಯೂ ಇಲ್ಲ. ಅದರ ಹೊರಮೈಯೇ ಸಾಕು.

ನೆಲ ಹದ ಮಾಡುವ ವಿಚಾರಕ್ಕೆ ಬಂದರೆ, ಅದರ ಮುಖ್ಯ ಪ್ರಯೋಗಗಳೆಲ್ಲ ನ್ಯೂಯಾರ್ಕಿನ ಡೇವಿಡ್ ಲೈಡನ್ ಅವರ ಪ್ರಯೋಗಾಲಯದ ಸುತ್ತ ಹೆಣೆದುಕೊಂಡಿವೆ. ಗಡ್ಡೆಯ ಕೋಶಗಳು ಬಂದು ಮುಟ್ಟುವ ಮೊದಲೇ ಅಸ್ಥಿಮಜ್ಜೆಯಿಂದ ಹೊರಟ ಕೆಲವು ಕೋಶಗಳು ಮುಂದೆ ರೋಗ ಹರಡಲಿರುವ ಜಾಗದಲ್ಲಿ ಗುಂಪುಗೂಡಿ ಕಾಯುತ್ತವೆ ಎಂಬುದನ್ನು ಇಲಿಗಳಲ್ಲಿ ಅವರ ತಂಡ 2005ರಲ್ಲಿ ವರದಿ ಮಾಡಿತು. ಹಾಗೆ ಕಾಯುವಂತೆ ಅವಕ್ಕೆ ಹೇಳಿಕಳುಹಿಸಿದವರು ಯಾರು ಎಂಬುದಕ್ಕೆ ಒಂದು ಉತ್ತರ 2012ರಲ್ಲಿ ಬಂತು. ಬೇಗ ಹರಡುವ ಮೆಲನೋಮ, ಅಂದರೆ ಚರ್ಮದ ವರ್ಣಕೋಶಗಳ ಕ್ಯಾನ್ಸರ್, ಬಿಟ್ಟ ಎಕ್ಸೋಸೋಮ್‌ಗಳನ್ನು ಮಾತ್ರ ಇಲಿಗಳಿಗೆ ಕೆಲವು ವಾರ ಚುಚ್ಚಿ, ಆ ಇಲಿಗಳ ಅಸ್ಥಿಮಜ್ಜೆಯನ್ನು ಎಕ್ಸೋಸೋಮಿನ ಸೋಂಕೇ ಇಲ್ಲದ ಬೇರೆ ಇಲಿಗಳಿಗೆ ಕಸಿ ಮಾಡಿ, ಬಳಿಕ ಅವುಗಳಲ್ಲಿ ಗಡ್ಡೆ ಬೆಳೆಸಿದಾಗ ರೋಗ ಹೆಚ್ಚು ಹರಡಿತು. ಎಕ್ಸೋಸೋಮ್‌ಗಳು ಎಂದೋ ಹೋಗಿದ್ದವು. ಆದರೆ ಅವು ಕಲಿಸಿದ ಪಾಠವನ್ನು ಮಜ್ಜೆ ಮರೆತಿರಲಿಲ್ಲ. ಮೆಟ್ ಎಂಬ ಗ್ರಾಹಕ ಪ್ರೋಟೀನನ್ನು ಚೀಲಗಳು ಮಜ್ಜೆಯ ಕೋಶಗಳಿಗೆ ದಾಟಿಸಿದ್ದೇ ಇದಕ್ಕೆ ಕಾರಣವೆಂದು ತಂಡ ತೋರಿಸಿತು.

ಪ್ಯಾಜೆಟ್ ಎತ್ತಿದ್ದ ಅಂಗಾಂಗಗಳ ಪಕ್ಷಪಾತದ ಪ್ರಶ್ನೆಯನ್ನು ನೇರವಾಗಿ ಮುಟ್ಟಿದ್ದು 2015ರಲ್ಲಿ ಅಯುಕೊ ಹೊಶಿನೊ ಮತ್ತು ಸಂಗಡಿಗರು ‘ನೇಚರ್’ನಲ್ಲಿ ಪ್ರಕಟಿಸಿದ ಕೆಲಸ. ಜೀವಕೋಶಗಳು ತಮ್ಮ ಸುತ್ತಲಿನ ಹಂದರಕ್ಕೆ ಅಂಟಿಕೊಳ್ಳಲು ಬಳಸುವ ಕೊಕ್ಕೆಗಳಂಥ ಪ್ರೋಟೀನುಗಳಿಗೆ ಇಂಟೆಗ್ರಿನ್ ಎಂದು ಹೆಸರು. ಆಲ್ಫಾ ಮತ್ತು ಬೀಟಾ ಎಂಬ ಎರಡು ಭಾಗಗಳು ಬೇರೆ ಬೇರೆ ಜೋಡಿಗಳಾಗಿ ಸೇರಿ ಬೇರೆ ಬೇರೆ ಕೊಕ್ಕೆಗಳಾಗುತ್ತವೆ. ಶ್ವಾಸಕೋಶಕ್ಕೆ ಹರಡುವ ಕ್ಯಾನ್ಸರುಗಳ ಎಕ್ಸೋಸೋಮ್‌ಗಳ ಮೈಮೇಲೆ ಆಲ್ಫಾ6-ಬೀಟಾ4 ಮತ್ತು ಆಲ್ಫಾ6-ಬೀಟಾ1 ಜೋಡಿಗಳೂ, ಯಕೃತ್ತಿಗೆ ಹರಡುವವುಗಳ ಮೇಲೆ ಆಲ್ಫಾವಿ-ಬೀಟಾ5 ಜೋಡಿಯೂ ಎದ್ದು ಕಾಣುತ್ತಿದ್ದವು. ಇಲಿಯ ರಕ್ತಕ್ಕೆ ಬಿಟ್ಟಾಗ ಚೀಲಗಳು ಆಯಾ ಅಂಗದಲ್ಲೇ ಹೋಗಿ ತಂಗುತ್ತಿದ್ದವು. ಇನ್ನೂ ಅಚ್ಚರಿಯ ಪ್ರಯೋಗವೆಂದರೆ, ಮೂಳೆಗೆ ಹರಡುವ ಸ್ವಭಾವದ ಕ್ಯಾನ್ಸರ್ ಕೋಶಗಳನ್ನು ಇಲಿಗೆ ಕೊಡುವ ಮುನ್ನ ಶ್ವಾಸಕೋಶದತ್ತ ಹೋಗುವ ಎಕ್ಸೋಸೋಮ್‌ಗಳನ್ನು ಕೊಟ್ಟರೆ, ಆ ಕೋಶಗಳು ಶ್ವಾಸಕೋಶದಲ್ಲೇ ಬೇರೂರಿದವು. ಬೀಜ ಬದಲಾಗಿರಲಿಲ್ಲ, ಹದವಾದ ಹೊಲ ಬದಲಾಗಿತ್ತು.

ಹದ ಮಾಡುವ ಕೆಲಸದ ಹಂತಗಳು ಅತ್ಯಂತ ವಿವರವಾಗಿ ಬಿಡಿಸಿಕೊಂಡಿರುವುದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ. ಅದೇ ವರ್ಷ ಅದೇ ಪ್ರಯೋಗಾಲಯದಿಂದ ಬಂದ ಇನ್ನೊಂದು ವರದಿಯಂತೆ, ಆ ಗಡ್ಡೆಯ ಎಕ್ಸೋಸೋಮ್‌ಗಳನ್ನು ಯಕೃತ್ತಿನ ಕಾವಲು ಭಕ್ಷಕಗಳಾದ ಕುಪ್ಫರ್ ಕೋಶಗಳು ನುಂಗುತ್ತವೆ. ನುಂಗಿದ ಕೋಶಗಳು ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನನ್ನು ಸ್ರವಿಸುತ್ತವೆ. ಅದು ತಾಕಿದ ನಕ್ಷತ್ರಾಕಾರದ ನೆರೆಕೋಶಗಳು ಫೈಬ್ರೊನೆಕ್ಟಿನ್ ಎಂಬ ಅಂಟುನಾರನ್ನು ಹೆಣೆಯುತ್ತವೆ. ಆ ನಾರಿನ ಹಂದರಕ್ಕೆ ಅಸ್ಥಿಮಜ್ಜೆಯ ಭಕ್ಷಕ ಕೋಶಗಳು ಬಂದು ಸಿಕ್ಕಿಕೊಂಡಾಗ ಗಡ್ಡೆಯ ಕೋಶಗಳಿಗೆ ಅನುಕೂಲವಾದ ನೆಲೆ ಸಿದ್ಧವಾಗುತ್ತದೆ. ಈ ಸರಪಳಿಯ ಮೊದಲ ಕೊಂಡಿ ಎಕ್ಸೋಸೋಮಿನಲ್ಲಿರುವ ಎಂಐಎಫ್ ಎಂಬ ಪ್ರೋಟೀನು. ಅದನ್ನು ತಡೆದರೆ ಇಲಿಗಳಲ್ಲಿ ಯಕೃತ್ತಿನ ಗಡ್ಡೆಗಳು ತಪ್ಪಿದವು. ಮೊದಲ ಹಂತದಲ್ಲೇ ಪತ್ತೆಯಾದ ರೋಗಿಗಳ ಪೈಕಿ ಮುಂದೆ ಯಕೃತ್ತಿಗೆ ರೋಗ ಹರಡಿದವರ ಎಕ್ಸೋಸೋಮ್‌ಗಳಲ್ಲಿ ಈ ಪ್ರೋಟೀನು ಹೆಚ್ಚಾಗಿತ್ತು. ರೋಗನಿರೋಧಕ ಕಾವಲುಗಾರರೇ ಅರಿಯದೆ ಕೂಲಿಯಾಳುಗಳಾಗುವ ಈ ಬಗೆ ಕ್ಯಾನ್ಸರಿನ ಇತರ ಅಧ್ಯಾಯಗಳಲ್ಲೂ ಕಾಣುತ್ತದೆ.

ಇತರ ಪಾತ್ರಗಳನ್ನು ಬೇಗ ಹೇಳಿ ಮುಗಿಸಬಹುದು. ಸ್ತನ ಕ್ಯಾನ್ಸರಿನ ಚೀಲಗಳಲ್ಲಿನ ಮೈಕ್ರೋ-ಆರ್‌ಎನ್‌ಎಗಳು, ಅಂದರೆ ಜೀನುಗಳ ಬಾಯಿ ಕಟ್ಟುವ ಚಿಕ್ಕ ಆರ್‌ಎನ್‌ಎ ತುಣುಕುಗಳು, ರಕ್ತನಾಳದ ಒಳಪದರದ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಗೊಳಿಸಿ ಕ್ಯಾನ್ಸರ್ ಕೋಶಗಳು ನುಸುಳಲು ಸಂದು ಮಾಡಿಕೊಡುತ್ತವೆ ಎಂದೂ, ದೂರದ ಅಂಗದ ಸಾಮಾನ್ಯ ಕೋಶಗಳು ಗ್ಲೂಕೋಸ್ ಬಳಸುವುದನ್ನು ಕುಗ್ಗಿಸಿ ಆ ಸಕ್ಕರೆಯನ್ನು ಮುಂದೆ ಬರಲಿರುವ ಗಡ್ಡೆಗೆ ಉಳಿಸುತ್ತವೆ ಎಂದೂ 2014 ಮತ್ತು 2015ರ ಅಧ್ಯಯನಗಳು ಹೇಳಿದವು. ರೋಗ ಹರಡದ ಯಕೃತ್ತು ಕೂಡ ದೂರದ ಗಡ್ಡೆಯ ಕಿರುಚೀಲಗಳಿಂದ ಕೊಬ್ಬು ತುಂಬಿಕೊಂಡು ಔಷಧಗಳನ್ನು ಪಚನ ಮಾಡುವ ಸಾಮರ್ಥ್ಯ ಕಳೆದುಕೊಳ್ಳುತ್ತದೆ, ಅದರಿಂದ ಕೀಮೋಥೆರಪಿಯ ವಿಷಪರಿಣಾಮ ಹೆಚ್ಚುತ್ತದೆ ಎಂದು 2023ರಲ್ಲಿ ಲೈಡನ್ ತಂಡವೇ ಇಲಿಗಳಲ್ಲಿ ತೋರಿಸಿತು.

ಚಿಕಿತ್ಸೆಗೆ ಹೆಚ್ಚು ನೇರವಾಗಿ ಸಂಬಂಧಿಸಿದ್ದು ಪಿಡಿ-ಎಲ್1 ಪ್ರೋಟೀನಿನ ವಿಚಾರ. ಟಿ-ಕೋಶಗಳ ಮೈಮೇಲೆ ಪಿಡಿ-1 ಎಂಬ ಬ್ರೇಕು ಇದೆ. ಪಿಡಿ-ಎಲ್1 ಅದನ್ನು ಒತ್ತುವ ಕಾಲು. ಬ್ರೇಕನ್ನು ಬಿಡಿಸುವ ಪ್ರತಿಕಾಯ ಔಷಧಗಳು ಕಳೆದ ದಶಕದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದವಾದರೂ ಅವು ಎಲ್ಲ ರೋಗಿಗಳಲ್ಲಿ ಕೆಲಸ ಮಾಡುವುದಿಲ್ಲ. 2018ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೆಲನೋಮ ಕೋಶಗಳ ಎಕ್ಸೋಸೋಮ್‌ಗಳ ಮೇಲೂ ಪಿಡಿ-ಎಲ್1 ಇದೆಯೆಂದೂ, ಅದು ಟಿ-ಕೋಶಗಳನ್ನು ದೂರದಿಂದಲೇ ತಣ್ಣಗಾಗಿಸುತ್ತದೆಂದೂ ಪ್ರಕಟಿಸಿದರು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಇನ್ನೊಂದು ತಂಡ, ಪಿಡಿ-ಎಲ್1 ವಿರೋಧಿ ಔಷಧಕ್ಕೆ ಬಗ್ಗದ ಪ್ರಾಸ್ಟೇಟ್ ಗಡ್ಡೆಯೊಂದರ ಕೋಶಗಳಲ್ಲಿ ಎಕ್ಸೋಸೋಮ್ ಬಿಡುಗಡೆಯನ್ನೇ ನಿಲ್ಲಿಸಿದಾಗ ಇಲಿಗಳು ಆ ಗಡ್ಡೆಯನ್ನು ತಾವೇ ಹತ್ತಿಕ್ಕಿದ್ದನ್ನು ವರದಿ ಮಾಡಿತು. ಇಲ್ಲಿಯೂ ಕೆಲಸ ಮಾಡುವುದು ಚೀಲದ ಹೊರಮೈಯೇ, ಒಳಗಿನ ಸರಕಲ್ಲ ಎಂಬುದನ್ನು ಗಮನಿಸಬೇಕು.

ಏಕೆಂದರೆ ಒಳಗಿನ ಸರಕಿನ ಬಗೆಗಿನ ಮಾತುಗಳನ್ನು ತುಸು ಅನುಮಾನದಿಂದಲೇ ಕೇಳಬೇಕಾದ ಕಾರಣಗಳಿವೆ. 2014ರಲ್ಲಿ ಅಮೆರಿಕದ ಸಂಶೋಧಕರು ಎಕ್ಸೋಸೋಮ್‌ಗಳನ್ನೂ ಅವುಗಳಲ್ಲಿರುವ ಮೈಕ್ರೋ-ಆರ್‌ಎನ್‌ಎ ಪ್ರತಿಗಳನ್ನೂ ಎಣಿಸಿ ಭಾಗಿಸಿದಾಗ, ಹೇರಳವೆಂದು ಹೆಸರಾದ ಮೈಕ್ರೋ-ಆರ್‌ಎನ್‌ಎಯ ಒಂದೇ ಒಂದು ಪ್ರತಿ ಸಿಗಲು ಸರಾಸರಿ ನೂರಕ್ಕಿಂತ ಹೆಚ್ಚು ಚೀಲಗಳನ್ನು ತಡಕಬೇಕಾಗಿ ಬಂತು. ಅಂಚೆಚೀಲದ ಹೋಲಿಕೆ ನಿಜವಾದರೆ, ಬಹುಪಾಲು ಚೀಲಗಳಲ್ಲಿ ಆ ಪತ್ರವೇ ಇಲ್ಲ ಎಂದಾಗುತ್ತದೆ. ರಕ್ತದ್ರವದಲ್ಲಿ ತೇಲುವ ಮೈಕ್ರೋ-ಆರ್‌ಎನ್‌ಎಯ ಬಹುಭಾಗ ಚೀಲಗಳಲ್ಲಿಲ್ಲ, ಬಿಡಿ ಪ್ರೋಟೀನುಗಳಿಗೆ ಅಂಟಿಕೊಂಡಿದೆ ಎಂದು 2011ರಲ್ಲೇ ಇನ್ನೊಂದು ಅಧ್ಯಯನ ತಿಳಿಸಿತ್ತು. ತೊಂದರೆ ಅರ್ಧ ಇರುವುದು ಬೇರ್ಪಡಿಸುವ ವಿಧಾನದಲ್ಲಿ. ಗುರುತ್ವದ ಒಂದು ಲಕ್ಷ ಪಟ್ಟು ಬಲದಲ್ಲಿ ತಿರುಗಿಸಿ ತಳಕ್ಕಿಳಿಸುವುದು ಹಳೆಯ ರೂಢಿ. ಆಗ ಎಕ್ಸೋಸೋಮಿನ ಜೊತೆಗೆ ಅದೇ ಗಾತ್ರದ ಕೊಬ್ಬುಕಣಗಳೂ ಪ್ರೋಟೀನಿನ ಮುದ್ದೆಗಳೂ ಇಳಿಯುತ್ತವೆ, ಮತ್ತು ರಕ್ತದಲ್ಲಿ ಕೊಬ್ಬುಕಣಗಳ ಸಂಖ್ಯೆ ಚೀಲಗಳ ಸಂಖ್ಯೆಯನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸಲು ಬಳಸುವ ಕರುವಿನ ರಕ್ತರಸದಲ್ಲಿಯೇ ಕರುವಿನ ಎಕ್ಸೋಸೋಮ್‌ಗಳು ತುಂಬಿರುತ್ತವೆಂಬುದನ್ನು ಮರೆತ ಪ್ರಬಂಧಗಳೂ ಇಲ್ಲದಿಲ್ಲ. 2019ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೆಚ್ಚು ಕಟ್ಟುನಿಟ್ಟಾಗಿ ಬೇರ್ಪಡಿಸಿ ನೋಡಿದಾಗ, ಎಕ್ಸೋಸೋಮಿನಲ್ಲಿದೆಯೆಂದು ನಂಬಲಾಗಿದ್ದ ಡಿಎನ್‌ಎಯೂ ಕೆಲವು ಆರ್‌ಎನ್‌ಎ-ಬಂಧಕ ಪ್ರೋಟೀನುಗಳೂ ಅಲ್ಲಿರಲಿಲ್ಲ. ಕ್ಷೇತ್ರದ ಅಂತರರಾಷ್ಟ್ರೀಯ ಸಂಘ 2014ರಲ್ಲಿ ರೂಪಿಸಿ 2018 ಮತ್ತು 2023ರಲ್ಲಿ ಪರಿಷ್ಕರಿಸಿದ ಕನಿಷ್ಠ ನಿಯಮಾವಳಿ, ಹುಟ್ಟಿನ ಮೂಲ ಖಚಿತವಾಗಿ ಗೊತ್ತಿಲ್ಲದಿದ್ದರೆ ಎಕ್ಸೋಸೋಮ್ ಎಂಬ ಪದವನ್ನೇ ಬಳಸದೆ, ಕೋಶದಾಚೆಯ ಕಿರುಚೀಲ ಎಂಬ ಸಾಮಾನ್ಯ ಹೆಸರಿನಲ್ಲಿ ನಿಲ್ಲಬೇಕೆಂದು ಸಲಹೆ ಮಾಡುತ್ತದೆ. ಈ ಅಂಕಣದಲ್ಲಿಯೂ ಮೂಲ ವರದಿಗಳ ಪದವನ್ನು ಅನುಸರಿಸಿ ಎಕ್ಸೋಸೋಮ್ ಎಂದಿರುವ ಕಡೆಗಳಲ್ಲಿ ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಪತ್ತೆಯ ವಿಷಯದಲ್ಲಿ ಚೀಲಗಳ ಆಕರ್ಷಣೆ ಸುಲಭವಾಗಿ ಅರ್ಥವಾಗುವಂಥದ್ದು. ಮಿದುಳಿನ ಗಡ್ಡೆಯ ಚೂರು ತೆಗೆಯಬೇಕಾದರೆ ತಲೆಬುರುಡೆ ಕೊರೆಯಬೇಕು. ಅದರ ಸುದ್ದಿ ತೋಳಿನ ರಕ್ತದಲ್ಲೇ ಸಿಕ್ಕರೆ ಎಷ್ಟು ಅನುಕೂಲ! 2008ರಲ್ಲಿ ಬಾಸ್ಟನ್ನಿನ ತಂಡವೊಂದು ಗ್ಲಿಯೊಬ್ಲಾಸ್ಟೋಮ ಎಂಬ ಉಗ್ರ ಮಿದುಳು ಕ್ಯಾನ್ಸರಿನ 25 ರೋಗಿಗಳ ಪೈಕಿ 7 ಮಂದಿಯ ರಕ್ತದ ಚೀಲಗಳಲ್ಲಿ ಆ ಗಡ್ಡೆಗೇ ವಿಶಿಷ್ಟವಾದ ರೂಪಾಂತರಗೊಂಡ ಆರ್‌ಎನ್‌ಎಯನ್ನು ಗುರುತಿಸಿತು. ಆದರೆ ಇಂಥ ಆಸೆ ಎಡವಿದ ಉದಾಹರಣೆಯೂ ಇದೇ ಕ್ಷೇತ್ರದಲ್ಲಿದೆ. ಗ್ಲಿಪಿಕಾನ್-1 ಎಂಬ ಪ್ರೋಟೀನು ಮೈಮೇಲಿರುವ ಚೀಲಗಳನ್ನು ಎಣಿಸಿದರೆ ಮೇದೋಜೀರಕದ ಕ್ಯಾನ್ಸರನ್ನು ಬಹು ಮುಂಚೆಯೇ, ಒಂದೂ ತಪ್ಪಿಲ್ಲದೆ ಹೇಳಬಹುದೆಂದು 2015ರಲ್ಲಿ ಬಂದ ವರದಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಮುಂದೆ ಇತರ ಪ್ರಯೋಗಾಲಯಗಳು ಪರೀಕ್ಷಿಸಿದಾಗ ಆ ನಿಖರತೆ ಮರಳಿ ಸಿಗಲಿಲ್ಲ. ಅದಕ್ಕೆ ಹೋಲಿಸಿದರೆ ಪ್ರಾಸ್ಟೇಟ್ ಗ್ರಂಥಿಗಾಗಿ ಅಮೆರಿಕದಲ್ಲಿ ಬಳಕೆಗೆ ಬಂದಿರುವ ಮೂತ್ರಪರೀಕ್ಷೆಯೊಂದು ತನ್ನ ಹಂಬಲವನ್ನು ಮಿತಿಯಲ್ಲಿಟ್ಟುಕೊಂಡಿದೆ. ಎಕ್ಸೋಡಿಎಕ್ಸ್ ಎಂಬ ಈ ಪರೀಕ್ಷೆ ಮೂತ್ರದ ಚೀಲಗಳಲ್ಲಿನ ಮೂರು ಜೀನುಗಳ ಆರ್‌ಎನ್‌ಎಯನ್ನು ಅಳೆಯುತ್ತದೆ. ಪಿಎಸ್‌ಎ ರಕ್ತಪರೀಕ್ಷೆಯ ಅಂಕಿ 2 ಮತ್ತು 10ರ ನಡುವಿನ ಸಂದಿಗ್ಧದಲ್ಲಿರುವ 50 ದಾಟಿದ ಗಂಡಸರಿಗೆ ಸೂಜಿ ಚುಚ್ಚುವ ಬಯಾಪ್ಸಿ ಬೇಕೋ ಬೇಡವೋ ಎಂದು ನಿರ್ಧರಿಸಲು ನೆರವಾಗುವುದಷ್ಟೇ ಅದರ ಕೆಲಸ. ಕ್ಯಾನ್ಸರ್ ಇದೆಯೆಂದು ಅದು ಹೇಳುವುದಿಲ್ಲ. ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ತುಟಿ ಮತ್ತು ಬಾಯಿಯ ಕ್ಯಾನ್ಸರ್ ಆಗಿರುವುದರಿಂದ, ಜೊಲ್ಲಿನ ಚೀಲಗಳ ಮೇಲಿನ ಸಂಶೋಧನೆ ಇಲ್ಲಿನವರಿಗೆ ಹೆಚ್ಚು ಪ್ರಸ್ತುತವೆನಿಸಬಹುದು. ಆದರೆ ಗುಟ್ಕಾ, ಹೊಗೆಸೊಪ್ಪು ಹಾಕುವವರ ಬಾಯಿಯಲ್ಲಿನ ಬಿಳಿ ಕಲೆಯನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ ಗುರುತಿಸುವ ಆರೋಗ್ಯ ಕಾರ್ಯಕರ್ತರ ಕಣ್ಣಿಗಿಂತ ಅಗ್ಗವೂ ಶೀಘ್ರವೂ ಆದ ಪರೀಕ್ಷೆಯಾಗಿ ಅದು ಸಾಬೀತಾಗಬೇಕಾಗುತ್ತದೆ.

ಚಿಕಿತ್ಸೆಗೆ ಬಂದರೆ, ಗಡ್ಡೆಯ ಚೀಲಗಳ ಬಿಡುಗಡೆಯನ್ನೇ ತಡೆಯುವುದು ಮೊದಲು ಹೊಳೆಯುವ ಉಪಾಯ. ಪ್ರಯೋಗಾಲಯದಲ್ಲಿ ಅದಕ್ಕೆ ರಾಸಾಯನಿಕಗಳಿವೆ. ಆದರೆ ಆರೋಗ್ಯವಂತ ಕೋಶಗಳೂ ಅದೇ ಯಂತ್ರದಿಂದ ಚೀಲ ಬಿಡುತ್ತವೆಯಾದ್ದರಿಂದ ಗಡ್ಡೆಯದನ್ನು ಮಾತ್ರ ಆರಿಸಿ ತಡೆಯುವ ಔಷಧ ಇನ್ನೂ ಇಲ್ಲ. ಎರಡನೆಯ ದಾರಿ ಚೀಲಗಳನ್ನೇ ಲಸಿಕೆಯಾಗಿಸುವುದು. ರೋಗನಿರೋಧಕ ವ್ಯವಸ್ಥೆಗೆ ಶತ್ರುವಿನ ಗುರುತು ತೋರಿಸುವ ಡೆಂಡ್ರೈಟಿಕ್ ಕೋಶಗಳ ಎಕ್ಸೋಸೋಮ್‌ಗಳನ್ನು 2005ರಲ್ಲಿ ಫ್ರಾನ್ಸಿನಲ್ಲಿ 15 ಮೆಲನೋಮ ರೋಗಿಗಳಿಗೆ ಕೊಟ್ಟ ವರದಿ ಬಂತು. ಅವು ಸುರಕ್ಷಿತವೆಂದು ತಿಳಿಯಿತು. 2016ರಲ್ಲಿ ಪ್ರಕಟವಾದ ಎರಡನೆಯ ಹಂತದ ಪ್ರಯೋಗದಲ್ಲಿ ಶ್ವಾಸಕೋಶ ಕ್ಯಾನ್ಸರಿನ 22 ರೋಗಿಗಳ ಪೈಕಿ ಕನಿಷ್ಠ ಅರ್ಧದಷ್ಟು ಮಂದಿಯಲ್ಲಿ ನಾಲ್ಕು ತಿಂಗಳು ರೋಗ ಮುಂದುವರಿಯದಿರಬೇಕೆಂಬುದು ಗುರಿಯಾಗಿತ್ತು. ಹಾಗಾದದ್ದು 7 ಮಂದಿಯಲ್ಲಿ. ಗುರಿ ತಪ್ಪಿದ್ದನ್ನು ಪ್ರಬಂಧ ಮುಚ್ಚಿಡಲಿಲ್ಲ.

ಮೂರನೆಯದು, ಚೀಲಗಳನ್ನು ಔಷಧದ ವಾಹನವಾಗಿ ಬಳಸುವುದು. ಪ್ರಯೋಗಾಲಯದಲ್ಲಿ ಮಾಡಿದ ಕೊಬ್ಬಿನ ಚೀಲಗಳಾದ ಲಿಪೋಸೋಮ್‌ಗಳಲ್ಲಿ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಮದ್ದು ತುಂಬಿ ಕೊಡುವ ಔಷಧಕ್ಕೆ 1995ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ದೇಹವೇ ಮಾಡಿದ ಚೀಲ ಅದಕ್ಕಿಂತ ಮೇಲಾಗಬಹುದೆಂಬುದು ಇಲ್ಲಿನ ತರ್ಕ. 2017ರಲ್ಲಿ ಹ್ಯೂಸ್ಟನ್ನಿನ ಎಂಡಿ ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ರಘು ಕಲ್ಲೂರಿ ಅವರ ತಂಡ, ಮೇದೋಜೀರಕದ ಕ್ಯಾನ್ಸರನ್ನು ನಡೆಸುವ ಕೆ-ರಾಸ್ ಜೀನಿನ ಒಂದು ನಿರ್ದಿಷ್ಟ ರೂಪಾಂತರದ ಬಾಯಿ ಕಟ್ಟುವ ಆರ್‌ಎನ್‌ಎಯನ್ನು ಎಕ್ಸೋಸೋಮ್‌ಗಳಿಗೆ ತುಂಬಿ ಇಲಿಗಳ ಆಯುಸ್ಸನ್ನು ಗಮನಾರ್ಹವಾಗಿ ಹೆಚ್ಚಿಸಿತು. ಆ ಚೀಲಗಳ ಮೈಮೇಲಿದ್ದ ಸಿಡಿ47 ಪ್ರೋಟೀನು ಭಕ್ಷಕ ಕೋಶಗಳಿಗೆ ತಿನ್ನಬೇಡವೆಂಬ ಸೂಚನೆ ಕೊಡುವುದರಿಂದ ಅವು ಲಿಪೋಸೋಮ್‌ಗಳಿಗಿಂತ ಹೆಚ್ಚು ಹೊತ್ತು ರಕ್ತದಲ್ಲಿ ಉಳಿದವು. ಅದೇ ಕೇಂದ್ರದಲ್ಲಿ, ರೋಗ ಹರಡಿಕೊಂಡ ಮನುಷ್ಯರಲ್ಲಿ ಇದರ ಮೊದಲ ಹಂತದ ಪ್ರಯೋಗವೂ ಆರಂಭವಾಯಿತು. ಉದ್ಯಮದ ಕಥೆ ಇಷ್ಟು ಭರವಸೆಯದ್ದಲ್ಲ: ಎಕ್ಸೋಸೋಮ್ ಔಷಧಗಳನ್ನು ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸುವ ಹಂತ ತಲುಪಿದ್ದ ಮ್ಯಾಸಚೂಸೆಟ್ಸ್‌ನ ಕೋಡಿಯಾಕ್ ಬಯೋಸೈನ್ಸಸ್ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಒಂದೇ ಗುಣಮಟ್ಟದ ಚೀಲಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು, ಅವುಗಳಲ್ಲಿ ಔಷಧ ನಿಜಕ್ಕೂ ತುಂಬಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಇಂದಿಗೂ ಕಠಿಣ ಮತ್ತು ದುಬಾರಿ.

ಈ ಕಷ್ಟಗಳ ಗೊಡವೆಯೇ ಇಲ್ಲದವರೂ ಇದ್ದಾರೆ. ಕೂದಲು ಬೆಳೆಸಲು, ಮುಖದ ಸುಕ್ಕು ತೆಗೆಯಲು ಎಕ್ಸೋಸೋಮ್ ಎಂಬ ಜಾಹೀರಾತು ಈಗ ಮಹಾನಗರಗಳಲ್ಲಿ ಹೊಸದಲ್ಲ. ಎಕ್ಸೋಸೋಮಿನ ಯಾವ ಉತ್ಪನ್ನಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲಿ, ಅಂಥ ಉತ್ಪನ್ನ ಪಡೆದು ತೊಂದರೆಗೀಡಾದ ನೆಬ್ರಾಸ್ಕದ ರೋಗಿಗಳ ವರದಿ ಬಂದ ಬಳಿಕ, ಸಾರ್ವಜನಿಕ ಎಚ್ಚರಿಕೆ ಹೊರಡಿಸಬೇಕಾಯಿತು. ಕಿರುಚೀಲಗಳ ಕೆಲಸಗಳಲ್ಲಿ ಗಡ್ಡೆಗೆ ನೆಲ ಹದ ಮಾಡಿಕೊಡುವುದೂ ಒಂದು ಎಂಬುದನ್ನು ತಿಳಿದವರು ಎಲ್ಲಿಂದ ಬಂದವೆಂದೇ ತಿಳಿಯದ ಚೀಲಗಳನ್ನು ಸೂಜಿಯಲ್ಲಿ ಏರಿಸಿಕೊಳ್ಳಲು ಹಿಂಜರಿಯುವುದೇ ಸಹಜ.

ಚೀನಾದ ವುಹಾನಿನಲ್ಲಿ ಆರಂಭವಾದ ಪ್ರಯೋಗವೊಂದು ಇವೆಲ್ಲಕ್ಕಿಂತ ಸರಳವಾದ ದಾರಿ ಹಿಡಿದಿದೆ. ಕ್ಯಾನ್ಸರ್ ಕೋಶಗಳಿಗೇ ಮೆಥೊಟ್ರೆಕ್ಸೇಟ್ ಎಂಬ ಹಳೆಯ ಔಷಧವನ್ನು ಉಣಿಸಿ, ಅತಿನೇರಳೆ ಬೆಳಕು ಬೀರಿ ಅವನ್ನು ಸಾಯಿಸಿದರೆ, ಸಾಯುವ ಕೋಶಗಳು ಔಷಧ ತುಂಬಿದ ದೊಡ್ಡ ಚೀಲಗಳಾಗಿ ಒಡೆಯುತ್ತವೆ. ಶ್ವಾಸಕೋಶದ ಕ್ಯಾನ್ಸರಿನಿಂದ ಎದೆಗೂಡಿನಲ್ಲಿ ನೀರು ತುಂಬಿಕೊಂಡ ರೋಗಿಗಳಿಗೆ ಇವನ್ನು ರಕ್ತಕ್ಕೆ ಬಿಡದೆ ನಳಿಕೆಯ ಮೂಲಕ ನೇರವಾಗಿ ಎದೆಗೂಡಿಗೇ ಸುರಿಯುತ್ತಾರೆ. ರಕ್ತವನ್ನು ತಪ್ಪಿಸುವುದರಲ್ಲಿ ಜಾಣತನವಿದೆ. ಅಭಿಧಮನಿಗೆ ಚುಚ್ಚಿದ ಚೀಲಗಳಲ್ಲಿ ಹೆಚ್ಚಿನವು, ಗಡ್ಡೆ ಎಲ್ಲಿಯೇ ಇರಲಿ, ಅದನ್ನು ತಲುಪುವ ಮೊದಲೇ ಎರಡು ಅಂಗಗಳಲ್ಲಿ ಸಿಕ್ಕಿಬೀಳುತ್ತವೆ: ಒಂದು ಯಕೃತ್ತು, ಇನ್ನೊಂದು, ಪ್ಯಾಜೆಟ್ಟರ ಬೀಜಗಳು 735 ಮಂದಿಯಲ್ಲಿ 17 ಮಂದಿಯಲ್ಲಿ ಮಾತ್ರ ಮೊಳೆತಿದ್ದ ಅದೇ ಗುಲ್ಮ.